ತಳವಾರನ ಜಾಡು

ನಮ್ಮ ಕಡೆಯ ಅಡ್ಡಹೆಸರುಗಳನ್ನು ಸಾಲಾಗಿ ಓದಿದರೆ ಊರಿನ ಹಳೆಯ ಆಯದ ಪಟ್ಟಿಯನ್ನೇ ಓದಿದ ಹಾಗೆ. ಮೋಟೆಬೆನ್ನೂರಿರಲಿ, ಬ್ಯಾಡಗಿಯಿರಲಿ, ಅತ್ತ ರಾಣೆಬೆನ್ನೂರಿರಲಿ, ಮತದಾರರ ಯಾದಿ ತೆಗೆದರೆ ಬಡಿಗೇರ, ಕಮ್ಮಾರ, ಕುಂಬಾರ, ಮಡಿವಾಳರ, ಹಡಪದ, ಕುಲಕರ್ಣಿ, ಗೌಡರ ಎಂದು ಹೆಸರುಗಳು ಒಂದರ ಬೆನ್ನಿಗೊಂದು ಬರುತ್ತವೆ. ಬಡಿಗೇರರ ಹಿರಿಯರು ಏನು ಮಾಡುತ್ತಿದ್ದರೆಂದು ಸಾಲಿಗೆ ಹೋಗುವ ಹುಡುಗನೂ ಹೇಳಬಲ್ಲ. ಅದೇ ಯಾದಿಯಲ್ಲಿ ‘ತಳವಾರ’ ಬಂದಾಗ ಉತ್ತರಗಳು ಚದುರುತ್ತವೆ. ‘ಚಾವಡಿ ಕಾಯ್ತಿದ್ರು’ ಎನ್ನುವವರುಂಟು. ‘ಗೌಡ್ರ ಹಿಂದ ಕೋಲು ಹಿಡಕೊಂಡು ಅಡ್ಡಾಡ್ತಿದ್ರು’ ಎನ್ನುವವರುಂಟು. ‘ಡಂಗುರ ಸಾರ್ತಿದ್ರು’ ಎನ್ನುವವರೂ ಉಂಟು. ಯಾವುದೂ ಸುಳ್ಳಲ್ಲ. ಆದರೆ ಆ ಪದ ಹೊತ್ತ ಮುಖ್ಯ ಭಾರ ಈ ಯಾವ ಉತ್ತರದಲ್ಲೂ ಸಿಗುವುದಿಲ್ಲ. ಊರಲ್ಲಿ ಕಳವಾದರೆ, ಕಳೆದುಕೊಂಡವನು ಮೊದಲು ಹೋಗಿ ನಿಲ್ಲುತ್ತಿದ್ದದ್ದು ಅವನ ಮುಂದೆ. ಕಳ್ಳ ಸಿಗದಿದ್ದರೆ ಇಡೀ ಊರು ಮುಖ ನೋಡುತ್ತಿದ್ದದ್ದೂ ಅವನದೇ.

ಈ ಪದದ ಜಾಡು ಹಿಡಿದು ಹಿಂದಕ್ಕೆ ಹೋದರೆ ಬಹಳ ದೂರ ಹೋಗಬೇಕಾಗುತ್ತದೆ.

ಹಳಗನ್ನಡದಲ್ಲಿ ಇದು ತಳಾಱ. ತೆಲುಗಿನಲ್ಲಿ ತಲಾರಿ, ತಮಿಳಿನಲ್ಲಿ ತಲೈಯಾರಿ. ತಮಿಳು ಬಲ್ಲವರು ‘ತಲೈ ಅಂದರೆ ತಲೆ, ಊರಿಗೆ ತಲೆಯಾದವನು’ ಎಂದು ಬಿಡಿಸುತ್ತಾರೆ. ನಮ್ಮವರು ‘ತಳ ಅಂದರೆ ನೆಲ, ನೆಲ ಕಾಯುವವನು’ ಎನ್ನುತ್ತಾರೆ. ಎರಡೂ ಕೇಳಲು ಇಂಪಾಗಿವೆ, ಆದರೆ ಅರ್ಥ ಮರೆತ ಪದಕ್ಕೆ ಜನ ಆಮೇಲೆ ಹೊಂದಿಸಿದ ಅರ್ಥದಂತೆ ನನಗೆ ತೋರುತ್ತವೆ. ಪ್ರಾಕೃತದಲ್ಲಿ ಈ ಪದ ‘ತಲವರ’ ಎಂದೂ ‘ತಲಾರ’ ಎಂದೂ ಓಡಾಡಿದೆ. ಗುಜರಾತಿನಲ್ಲಿ ಕೂತು ಬರೆದ 12ನೆಯ ಶತಮಾನದ ಹೇಮಚಂದ್ರ ಅದನ್ನು ತನ್ನ ‘ದೇಶೀನಾಮಮಾಲೆ’ಯಲ್ಲಿ ಸೇರಿಸಿ, ನಗರ ಕಾಯುವವನು ಎಂದು ಅರ್ಥ ಕೊಟ್ಟ. ಆ ಕೋಶ ಸಂಸ್ಕೃತದಿಂದ ಹುಟ್ಟಿಸಲಾಗದ ಪದಗಳಿಗಾಗಿಯೇ ಮಾಡಿದ್ದು. ಅಂದರೆ ಸಂಸ್ಕೃತದ ಯಾವ ಧಾತುವಿಗೂ ಇದನ್ನು ಕಟ್ಟಲು ಅಂಥ ಪಂಡಿತನಿಗೂ ಮನಸ್ಸು ಬರಲಿಲ್ಲ. ಮೇವಾಡದ ಚೀರವಾ ಎಂಬಲ್ಲಿಯ 1273ರ ಶಾಸನವೊಂದು ನಾಗದಾ ಪಟ್ಟಣದ ತಲಾರಕ್ಷರ ಮನೆತನವನ್ನು ತಲೆಮಾರುಗಳ ಲೆಕ್ಕ ಹಿಡಿದು ಹೇಳುತ್ತದೆ. ರಾಜಸ್ಥಾನದಿಂದ ತಮಿಳುನಾಡಿನವರೆಗೆ ಒಂದೇ ಪದ ಒಂದೇ ಕೆಲಸಕ್ಕೆ! ಮೂಲದಲ್ಲಿ ಇದು ದಕ್ಷಿಣದ ನುಡಿಯೇ, ಇಲ್ಲಿಂದ ಪ್ರಾಕೃತಕ್ಕೆ ಹೋದದ್ದು ಎಂದು ಹೇಳುವ ಪಂಡಿತರ ಮಾತು ನನಗೆ ಒಪ್ಪಿಗೆಯಾಗುತ್ತದೆ.

ಕತ್ತಿಗೆ ಹೇಳುವ ‘ತಲವಾರು’ ಬೇರೆ. ಅದು ಸಂಸ್ಕೃತದ ‘ತರವಾರಿ’ಯಿಂದ ಹಿಂದಿಗೆ ಬಂದು, ಅಲ್ಲಿಂದ ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗೆ ಇಳಿದದ್ದು. ‘ತಲ್ವಾರ್ ಹಿಡಿದು ಹಲ್ಲೆ’ ಎಂಬ ಶೀರ್ಷಿಕೆಯನ್ನು ಓದುವಾಗ ಊರು ಕಾಯುತ್ತಿದ್ದವನ ಹೆಸರೂ ಊರು ಹೆದರಿಸುವ ಆಯುಧದ ಹೆಸರೂ ಇಷ್ಟು ಹತ್ತಿರ ಕೇಳುವುದು ನನಗೆ ಸಂಕಟ ತರುತ್ತದೆ. ಲಕಾರ ಳಕಾರಗಳ ನಡುವಿನ ಆ ಸಣ್ಣ ಅಂತರವನ್ನು ಉಳಿಸಿಕೊಳ್ಳಬೇಕು.

ಪದದ ಮೊದಲ ವೈಭವ ನಾಗಾರ್ಜುನಕೊಂಡದಲ್ಲಿದೆ. 3ನೆಯ ಶತಮಾನದ ಇಕ್ಷ್ವಾಕು ಅರಸರ ಶಾಸನಗಳಲ್ಲಿ ‘ಮಹಾತಲವರ’ ಎಂಬ ಬಿರುದು ಮಹಾಸೇನಾಪತಿ, ಮಹಾದಂಡನಾಯಕ ಎಂಬ ಬಿರುದುಗಳ ಪಕ್ಕದಲ್ಲೇ ಬರುತ್ತದೆ. ಮಹಾತಲವರರ ಮನೆಗೆ ರಾಜಮನೆತನದ ಹೆಣ್ಣುಮಕ್ಕಳು ಸೊಸೆಯಾಗಿ ಹೋಗುತ್ತಿದ್ದರು, ಅವರಿಗೆ ‘ಮಹಾತಲವರಿ’ ಎಂದು ಗೌರವ. ಬೌದ್ಧ ವಿಹಾರಗಳಿಗೆ ಕಂಬ ನಿಲ್ಲಿಸಿದವರಲ್ಲಿ ಅವರ ಹೆಸರುಗಳಿವೆ. ಜೈನರ ಕಲ್ಪಸೂತ್ರದಲ್ಲಿಯೂ ಅರಸನ ಓಲಗದಲ್ಲಿ ಕೂರುವ ಗಣ್ಯರ ಸಾಲಿನಲ್ಲಿ ತಲವರರಿದ್ದಾರೆ. ಅರಸನೇ ಮೆಚ್ಚಿ ಪಟ್ಟ ಕಟ್ಟಿದವರು ಇವರು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಅಂದು ಅಕ್ಕಪಕ್ಕ ನಿಂತಿದ್ದ ಎರಡು ಬಿರುದುಗಳ ಮುಂದಿನ ಹಾದಿ ನೋಡಿ. ದಂಡನಾಯಕ ಕನ್ನಡದಲ್ಲಿ ದಣ್ಣಾಯಕನಾಗಿ ತನ್ನ ಎತ್ತರ ಉಳಿಸಿಕೊಂಡ. ನಮ್ಮ ಜಿಲ್ಲೆಯ ಬಾಡದ ತಿಮ್ಮಪ್ಪ ನಾಯಕ ದಣ್ಣಾಯಕನಾಗಿದ್ದು ಆಮೇಲೆ ಕಾಗಿನೆಲೆಯ ಕನಕದಾಸರಾದ ಕತೆಯಲ್ಲಿ, ಆ ಪದವಿ ಬಿಟ್ಟದ್ದೇ ದೊಡ್ಡ ತ್ಯಾಗ. ತಲವರನಾದರೋ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ. ರಾಜ್ಯದಿಂದ ಪಟ್ಟಣಕ್ಕೆ, ಪಟ್ಟಣದಿಂದ ಹಳ್ಳಿಗೆ, ಹಳ್ಳಿಯ ಚಾವಡಿಯ ಹೊರಗಿನ ಕಟ್ಟೆಗೆ. ಯುದ್ಧ ಗೆದ್ದವನ ಹೆಸರು ಮೇಲೆ ಉಳಿಯಿತು, ರಾತ್ರಿ ನಿದ್ದೆಗೆಟ್ಟವನ ಹೆಸರು ಕೆಳಗೆ ಇಳಿಯಿತು. ಇದರಲ್ಲಿ ನ್ಯಾಯ ಇದೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಪಟ್ಟಣದ ತಳಾಱನನ್ನು ಕಣ್ಣೆದುರು ತಂದು ನಿಲ್ಲಿಸಿದ್ದು ‘ವಡ್ಡಾರಾಧನೆ’. ಸುಮಾರು 10ನೆಯ ಶತಮಾನದ ಆ ಗದ್ಯದ 19 ಕತೆಗಳಲ್ಲಿ ಒಂದು ವಿದ್ಯುಚ್ಚೋರನೆಂಬ ಋಷಿಯದು. ಮಿಥಿಲೆಯ ಅರಸ ವಾಮರಥ, ಅವನ ತಳಾಱ ಯಮದಂಡ. ಹಗಲಲ್ಲಿ ಕುಷ್ಠರೋಗಿಯಾಗಿ ಪಾಳುಗುಡಿಯಲ್ಲಿ ಬಿದ್ದಿರುವ ಒಬ್ಬ, ರಾತ್ರಿಯಾದರೆ ಪಟ್ಟಣವನ್ನೇ ಕನ್ನ ಕೊರೆಯುವ ಕಳ್ಳ. ಅರಸನ ಹಾರ ಕಳುವಾಗುತ್ತದೆ. ಅರಸ ತಳಾಱನನ್ನು ಕರೆಸಿ ಗಡುವು ಕೊಡುತ್ತಾನೆ: ಕಳ್ಳನನ್ನು ಹಿಡಿದು ತರಬೇಕು, ಇಲ್ಲವಾದರೆ ಅವನಿಗಾಗುವ ಶಿಕ್ಷೆ ನಿನಗೆ. ಯಮದಂಡ ಪಟ್ಟಣದ ಮೂಲೆ ಮೂಲೆ ಹುಡುಕಿ ಕೊನೆಗೆ ಆ ರೋಗಿಯನ್ನು ಎಳೆದು ತರುತ್ತಾನೆ. ನೋಡಿದವರಿಗೆಲ್ಲ ಅಯ್ಯೋ ಅನ್ನಿಸುತ್ತದೆ: ನಿಲ್ಲಲು ತ್ರಾಣವಿಲ್ಲದ ಬಡಪಾಯಿಯನ್ನು ತನ್ನ ತಲೆ ಉಳಿಸಿಕೊಳ್ಳಲು ಹಿಡಿದು ತಂದನಲ್ಲ! ಚಿತ್ರಹಿಂಸೆಗಳನ್ನೆಲ್ಲ ಅನುಭವಿಸಿಯೂ ರೋಗಿ ತಾನು ಕಳ್ಳನಲ್ಲವೆಂದೇ ನಿಲ್ಲುತ್ತಾನೆ. ಆಮೇಲೆ ಅಭಯ ಕೇಳಿ, ತಳಾಱ ಹೇಳಿದ್ದೇ ನಿಜ, ಕಳ್ಳ ನಾನೇ ಎಂದು ಒಪ್ಪುತ್ತಾನೆ.

ಕತೆ ಅಲ್ಲಿಗೆ ಮುಗಿದಿದ್ದರೆ ಅದೊಂದು ಪತ್ತೇದಾರಿ ಕತೆ. ಆದರೆ ಕಳ್ಳ ಮುಂದೆ ಹೇಳುವ ಮಾತಿನಲ್ಲಿ ಇಡೀ ಕತೆ ತಿರುಗಿ ನಿಲ್ಲುತ್ತದೆ. ಅವನು ರಾಜಕುಮಾರ, ಯಮದಂಡ ಅದೇ ಊರಿನ ತಳಾಱನ ಮಗ. ಇಬ್ಬರೂ ಬಾಲ್ಯದ ಗೆಳೆಯರು, ಒಂದೇ ಗುರುವಿನ ಬಳಿ ಓದಿದವರು. ಒಬ್ಬ ಕಳ್ಳರ ಶಾಸ್ತ್ರ ಕಲಿತ, ಇನ್ನೊಬ್ಬ ತಳಾಱರ ಶಾಸ್ತ್ರ ಕಲಿತ. ನೀನು ಎಲ್ಲಿ ಕಾವಲಿದ್ದೀಯೋ ಅಲ್ಲೇ ಕದಿಯುತ್ತೇನೆಂದು ಒಬ್ಬನ ಪಣ, ಕದ್ದರೆ ಹಿಡಿಯುತ್ತೇನೆಂದು ಇನ್ನೊಬ್ಬನ ಪಣ. ಗೆಳೆಯ ಊರು ಬಿಟ್ಟು ಮಿಥಿಲೆಗೆ ಬಂದರೆ ಕಳ್ಳನೂ ಹುಡುಕಿಕೊಂಡು ಬಂದ. ಕಳ್ಳನ ಶಾಸ್ತ್ರ ಬೇರೆ, ಕಾಯುವವನ ಶಾಸ್ತ್ರ ಬೇರೆ, ಆದರೆ ಗುರುಮನೆ ಒಂದೇ. ಸಾವಿರ ವರ್ಷದ ಹಿಂದೆ ಒಬ್ಬ ಕನ್ನಡಿಗ ಇದನ್ನು ಎಷ್ಟು ಸಲೀಸಾಗಿ ಬರೆದಿಟ್ಟಿದ್ದಾನೆ! ಕಳ್ಳನ ಮೈಯ ಹಿಂದೆ ಯಾರಿದ್ದಾನೆಂದು ಗುರುತಿಸಬಲ್ಲವನು ತಳಾಱ ಒಬ್ಬನೇ. ಏಕೆಂದರೆ ಅವನಿಗೆ ಆ ಮನುಷ್ಯ ಗೊತ್ತು.

ಮುಂದೆ ಕಲ್ಯಾಣದಲ್ಲಿ ಈ ಜೋಡಿ ಮತ್ತೆ ಸಿಗುತ್ತದೆ. 12ನೆಯ ಶತಮಾನದ ವಚನಕಾರರಲ್ಲಿ ತಳವಾರ ಕಾಮಿದೇವ ಒಬ್ಬ. ‘ಕಾಮಹರಪ್ರಿಯ ರಾಮನಾಥ’ ಎಂಬುದು ಅವನ ಅಂಕಿತ. ಅದೇ ಸಾಲಿನಲ್ಲಿ ಕನ್ನದ ಮಾರಿತಂದೆಯೂ ಇದ್ದಾನೆ. ಕನ್ನವೆಂದರೆ ಗೋಡೆಗೆ ಕೊರೆದ ಕಳ್ಳಗಿಂಡಿ. ಕಾಯುವ ಕಾಯಕದವನೂ ಕನ್ನವಿಕ್ಕಿದವನೂ ತಮ್ಮ ಹಳೆಯ ಹೆಸರು ಬಿಡದೆ, ಮುಚ್ಚಿಡದೆ, ಒಂದೇ ನೆಲದ ಮೇಲೆ ಶರಣರಾಗಿ ಕೂತರು. ಹೆಸರಿನ ಜೊತೆಗೆ ಕಸುಬನ್ನು ಕಟ್ಟಿಕೊಂಡೇ ಮನುಷ್ಯ ದೊಡ್ಡವನಾಗಬಹುದೆಂದು ನಂಬಿದ ಕಾಲ ಅದು. ಮುಂದೆ ಬಂದ ಸರಕಾರಗಳು ಹೆಸರಿನ ಜೊತೆಗೆ ಕಸುಬು ಕಟ್ಟಿದ್ದು ಬೇರೆಯೇ ಉದ್ದೇಶಕ್ಕೆ. ಆ ಮಾತಿಗೆ ಬರುತ್ತೇನೆ.

ವಿಜಯನಗರಕ್ಕೆ 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಪಟ್ಟಣದ ಕಾವಲುಗಾರರು 12,000 ಮಂದಿ ಎಂದು ಬರೆದ. ಅವರ ಸಂಬಳಕ್ಕೆ ಸೂಳೆಗೇರಿಯ ತೆರಿಗೆಯ ಹಣ. ಟಂಕಸಾಲೆಯ ಎದುರಿಗೇ ಅವರ ಕಚೇರಿ. ದೊಡ್ಡ ಪೇಟೆಯ ಒಳಗಿನ ಕೇರಿಗಳಲ್ಲಿ ಹಣ ಹುಟ್ಟುವ ಜಾಗ, ಹಣ ಸುರಿಯುವ ಜಾಗ, ಅದನ್ನು ಕಾಯುವ ಜಾಗ ಮೂರೂ ಒಂದಕ್ಕೊಂದು ತಗುಲಿಕೊಂಡೇ ಇದ್ದವು. ಹಳ್ಳಿಗಳಲ್ಲಿ ಮಾತ್ರ ಜನರೇ ತಳವಾರನನ್ನು ಸಾಕಬೇಕು. ಅದಕ್ಕಾಗಿ ಎತ್ತುವ ತೆರಿಗೆಗೂ ಅವನ ಹೆಸರೇ ಬಿತ್ತು. ಆ ಕಾಲದ ತಮಿಳು ಶಾಸನಗಳಲ್ಲಿ ಅದು ‘ತಲೈಯಾರಿಕ್ಕಂ’. ನಮ್ಮಲ್ಲಿ ತಳವಾರಿಕೆ, ಜನರ ಬಾಯಲ್ಲಿ ತಳವಾರಕಿ. ಮನುಷ್ಯನ ಹೆಸರು ಕೆಲಸದ ಹೆಸರಾಗಿ, ಆಮೇಲೆ ತೆರಿಗೆಯ ಹೆಸರಾಗಿ, ಕೊನೆಗೆ ಹೊಲದ ಹೆಸರಾಯಿತು.

ಹಳ್ಳಿಯ ತಳವಾರ ಹೇಗೆ ಕೆಲಸ ಮಾಡುತ್ತಿದ್ದನೆಂಬುದನ್ನು ಚೆನ್ನಾಗಿ ಬರೆದಿಟ್ಟವರು ಅವನ ಕೆಲಸ ಕಸಿದುಕೊಳ್ಳಲು ಬಂದವರೇ. 1812ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯ ಮುಂದಿಟ್ಟ ಐದನೆಯ ವರದಿ ಹಳ್ಳಿಯ ಆಯಗಾರರನ್ನು ಹೇಳುತ್ತ ತಳವಾರನನ್ನೂ ತೋಟಿಯನ್ನೂ ಬೇರೆ ಮಾಡುತ್ತದೆ. ತಳವಾರನ ಹರವು ದೊಡ್ಡದು: ಅಪರಾಧದ ಸುಳಿವು ಹಿಡಿಯುವುದು, ಒಂದೂರಿಂದ ಇನ್ನೊಂದೂರಿಗೆ ಹೋಗುವವರಿಗೆ ದಾರಿಯಲ್ಲಿ ಕಾವಲಾಗುವುದು. ಪೇಶ್ವೆಯ ಸೀಮೆ ಬ್ರಿಟಿಷರ ಕೈಗೆ ಬಂದ ಮೇಲೆ, ಧಾರವಾಡ ನಾಡೂ ಅದರೊಳಗಿತ್ತು, ಕಂಪನಿಯ ಅಧಿಕಾರಿ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಊರ ಕಾವಲುಗಾರನ ದಿನಚರಿಯೇ ಇದೆ. ಊರಿನ ಪ್ರತಿಯೊಬ್ಬನ ನಡತೆ ಅವನಿಗೆ ಗೊತ್ತಿರಬೇಕು. ರಾತ್ರಿ ಯಾರು ಬಂದರು, ಯಾರು ಹೋದರು, ಪರಊರಿನವರು ಯಾರ ಮನೆಯಲ್ಲಿ ಇಳಿದರು ಎಂಬುದರ ಮೇಲೆ ಕಣ್ಣಿರಬೇಕು. ಕಳವಾದರೆ ಕಳ್ಳನ ಹೆಜ್ಜೆ ಗುರುತು ಹಿಡಿದು ನಡೆಯಬೇಕು. ಹೆಜ್ಜೆ ತನ್ನ ಊರಿನ ಎಲ್ಲೆ ದಾಟಿ ಪಕ್ಕದ ಊರಿಗೆ ಹೊಕ್ಕಿತೆಂದು ತೋರಿಸಿಕೊಟ್ಟರೆ ಅಲ್ಲಿಯ ಕಾವಲುಗಾರ ಅದನ್ನು ವಹಿಸಿಕೊಳ್ಳಬೇಕು. ಅವನು ಅದನ್ನು ಮುಂದಿನ ಎಲ್ಲೆಗೆ ಮುಟ್ಟಿಸಬೇಕು. ಹೆಜ್ಜೆ ಎಲ್ಲಿ ಕಳೆಯಿತೋ ಹೊಣೆ ಅಲ್ಲಿ ನಿಂತಿತು.

ಈ ಏರ್ಪಾಡಿನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಎರೆಹೊಲ ಮಳೆ ಬಿದ್ದ ಮರುದಿನ ಹೇಗಿರುತ್ತದೆಂದು ಬಲ್ಲವರಿಗೆ ಇದು ಕತೆಯಲ್ಲ. ಕಪ್ಪು ಮಣ್ಣು ಕಾಲಿಗೆ ಅಂಟಿ ಹೆಜ್ಜೆಯ ಅಚ್ಚು ಒತ್ತಿಕೊಳ್ಳುತ್ತದೆ, ಒಣಗಿದ ಮೇಲೂ ಮುಂದಿನ ಮಳೆಯವರೆಗೆ ಅಳಿಯುವುದಿಲ್ಲ. ಕುಂಟಿದವನ ಹೆಜ್ಜೆ, ಹೊರೆ ಹೊತ್ತವನ ಹೆಜ್ಜೆ, ಕದ್ದ ಎತ್ತಿನ ಗೊರಸು ಇವುಗಳನ್ನೆಲ್ಲ ಓದುವ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಅವರ ಮನೆ ಸಾಮಾನ್ಯವಾಗಿ ಊರ ಅಗಸಿಯ ಹತ್ತಿರ, ಬರಹೋಗುವವರನ್ನೆಲ್ಲ ಕಾಣುವ ಕಡೆ. ಊರು ಅಗಸಿಯ ಆಚೆ ಬೆಳೆದು ಪೇಟೆಯಾದ ಮೇಲೆ ಆ ಮನೆಗಳು ಹಳೇ ಊರಿನ ನಡುವಿನ ಇಕ್ಕಟ್ಟು ಓಣಿಯೊಳಗೆ ಸಿಕ್ಕಿಕೊಂಡವು. ಇವತ್ತು ಅಂಥ ಕಡೆ ‘ಅಗಸಿ ಎಲ್ಲಿ’ ಎಂದು ಕೇಳಿದರೆ ಬಾಗಿಲಿಲ್ಲದ ಒಂದು ತಿರುವು ತೋರಿಸುತ್ತಾರೆ.

ಬೇಲಿಯೇ ಎದ್ದು ಹೊಲ ಮೇಯುವುದೂ ಇತ್ತು. ಕಳ್ಳರ ಜೊತೆ ಕೈಗೂಡಿಸಿದ ಕಾವಲುಗಾರರು ಎಲ್ಲ ಕಾಲದಲ್ಲೂ ಇದ್ದರು, ಅದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳಬಾರದು. ಆಯದ ಪಾಲಿಗೆ ದುಡಿಯುವವನು ಗೌಡನ ಅಂಕೆಯಲ್ಲೇ ಇರಬೇಕಾಗಿತ್ತು. ಗೌಡ ಬೇಡವೆಂದ ಹೆಜ್ಜೆ ಅವನಿಗೆ ಕಾಣಿಸುತ್ತಿರಲಿಲ್ಲ ಎಂಬುದೂ ನಿಜವಿರಬೇಕು. ಆದರೂ ಹೊಣೆ ಎಂಬುದಕ್ಕೆ ಒಂದು ಮುಖವಿತ್ತು, ಮನೆಯಿತ್ತು, ಹೆಸರಿತ್ತು.

ಬ್ರಿಟಿಷರ ಆಳ್ವಿಕೆ ನೆಲೆಯಾದ ಮೇಲೆ ಪದಗಳು ಬದಲಾದವು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ ಗೌಡನನ್ನು ಪೊಲೀಸ್ ಪಾಟೀಲನನ್ನಾಗಿ ಮಾಡಿತು, ತಳವಾರ ಅವನ ಕೈಕೆಳಗಿನವನಾದ. ಸಂಸ್ಕೃತದ ‘ಸ್ಥಾನ’ ನಮ್ಮಲ್ಲಿ ಮೊದಲೇ ‘ತಾಣ’ವಾಗಿ ಮನೆಮಾತಾಗಿತ್ತು. ಅದೇ ಪದ ಉತ್ತರದ ನುಡಿಗಳನ್ನು ಸುತ್ತಿ ‘ಠಾಣೆ’ಯಾಗಿ ಮತ್ತೆ ಬಂತು, ಈ ಸಲ ಲಾಠಿ ಹಿಡಿದು. ಹೊಲ ಉಂಬಳಿ ಪಡೆದು ಸರಕಾರಿ ಕಾವಲಿಗೆ ನಿಂತವರು ಧಾರವಾಡ ಸೀಮೆಯಲ್ಲಿ ಶೇತಸನದಿಗಳಾದರು. ಅದೂ ಇವತ್ತು ಬರೀ ಅಡ್ಡಹೆಸರು.

ಇನ್ನೂ ಕೆಟ್ಟದ್ದು ನಡೆದದ್ದು ಹೆಸರಿನ ಇನ್ನೊಂದು ತುದಿಯಲ್ಲಿ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರ ತಿದ್ದುಪಡಿಯ ಹೊತ್ತಿಗೆ ನಮ್ಮ ಭಾಗಕ್ಕೂ ಚಾಚಿತು. ಹುಟ್ಟಿದ ಕೂಸನ್ನೂ ಕಳ್ಳನೆಂದು ಬರೆದುಕೊಳ್ಳುವ ಕಾನೂನು ಅದು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿ ಹಾಕಿ, ಹಾಜರಿ ಕೂಗಿ, ಜನರನ್ನು ಕೂಡಿಹಾಕಿದರು. ಆ ಜಾಗಗಳಿಗೆ ಇಂಗ್ಲಿಷರು ಇಟ್ಟ ಹೆಸರನ್ನು ಜನ ‘ಸೆಟ್ಲಮೆಂಟ್’ ಎಂದೇ ಉಳಿಸಿಕೊಂಡಿದ್ದಾರೆ. 1952ರಲ್ಲಿ ಕಾಯಿದೆ ರದ್ದಾಯಿತು, ಬೇಲಿ ಹೋಯಿತು, ಹುಬ್ಬಳ್ಳಿ ಬೆಳೆದು ಅಲ್ಲಿಯ ಸೆಟ್ಲಮೆಂಟನ್ನು ಊರೊಳಕ್ಕೆ ಎಳೆದುಕೊಂಡಿತು, ಹೆಸರು ಮಾತ್ರ ಅಲ್ಲೇ ಇದೆ. ಅಲ್ಲಿ ಬಾಳಿದ ಸಮುದಾಯಗಳಲ್ಲಿ ಒಂದಕ್ಕೆ ‘ಗಂಟಿಚೋರ’ ಎಂದೇ ಹೆಸರು. ಒಂದು ಮಗು ಶಾಲೆಗೆ ಸೇರುವಾಗ ಜಾತಿಯ ಜಾಗದಲ್ಲಿ ಚೋರ ಎಂದು ಬರೆಸಬೇಕಾಗುತ್ತದೆ! ಕಲ್ಯಾಣದಲ್ಲಿ ಮಾರಿತಂದೆ ತಾನಾಗಿ ಇಟ್ಟುಕೊಂಡಿದ್ದ ಕನ್ನ ಬೇರೆ, ಸರಕಾರ ಹಣೆಗೆ ಒತ್ತಿದ ಚೋರ ಬೇರೆ. ಊರು ಕಾಯಲೆಂದು ಹಿಂದೆ ನೇಮಿಸಿಕೊಂಡಿದ್ದ ಸಮುದಾಯಗಳನ್ನೇ ಈ ಕಾನೂನು ಹಲವು ಕಡೆ ಕಳ್ಳರ ಪಟ್ಟಿಗೆ ಹಾಕಿತೆಂಬುದನ್ನು ನೆನೆದರೆ ಯಮದಂಡ, ವಿದ್ಯುಚ್ಚೋರರ ಗುರುಮನೆ ನೆನಪಾಗುತ್ತದೆ. ಅಲ್ಲಿ ವಿದ್ಯೆ ಬೇರೆಯಾಗಿತ್ತು. ಇಲ್ಲಿ ಹುಟ್ಟನ್ನೇ ಬೇರೆ ಮಾಡಿದರು.

ಈ ಕಾನೂನು ಜಾರಿಯಲ್ಲಿದ್ದ ಹೊತ್ತಿನಲ್ಲೇ ಮೋಟೆಬೆನ್ನೂರಿನ ಮಗನೊಬ್ಬ ಸರಕಾರದ ಕಣ್ಣಿಗೆ ಅಪರಾಧಿಯಾದ. ಮೈಲಾರ ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯ ಜೊತೆ ದಂಡಿಗೆ ಹೊರಟ 78 ಮಂದಿಯಲ್ಲಿ ಕನ್ನಡ ನಾಡಿನವನು ಅವನೊಬ್ಬನೇ, ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೆಂಡತಿ ಸಿದ್ದಮ್ಮನೂ ಚಳವಳಿಗೆ ಇಳಿದಳು. ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂದಾಗ ನಮ್ಮ ಹಳ್ಳಿಗಳಲ್ಲಿ ಮೊದಲು ಉರಿದದ್ದು ಚಾವಡಿಗಳು, ಅವುಗಳ ಕಂದಾಯದ ದಫ್ತರಗಳು. ಚಾವಡಿಯೆಂದರೆ ತಳವಾರ ಮಲಗುತ್ತಿದ್ದ ಜಾಗ. ಊರಿನ ಸೊತ್ತಿನ ಕಾವಲಿಗೆಂದು ಕಟ್ಟಿದ್ದು ಆ ಹೊತ್ತಿಗೆ ಊರಿನಿಂದ ಎತ್ತಿದ ಹಣದ ಕಾವಲಿಗೆ ನಿಂತಿತ್ತು. ಮಹದೇವ ಮತ್ತು ಅವನ ಸಂಗಡಿಗರು ಕಿತ್ತದ್ದು ಈ ಗಂಟನ್ನು.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಗುಡಿಯೊಳಗಿತ್ತು. ಅದರ ಕಾವಲಿಗೆ ಇದ್ದದ್ದು ಬಂದೂಕಿನ ಪೊಲೀಸರು. ಗುಂಡು ಹಾರಿತು. ಮಹದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಅಲ್ಲಿ ಬಿದ್ದರು. ಮಹದೇವನಿಗೆ 31 ವರ್ಷ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಸುಲಿಗೆ ಮಾಡಿದರೆ ದರೋಡೆ ಎಂದು 1860ರ ದಂಡಸಂಹಿತೆ ಲೆಕ್ಕ ಹಾಕಿ ಹೇಳುತ್ತಿತ್ತು. ಆ ಲೆಕ್ಕದಲ್ಲಿ ಖಜಾನೆಗೆ ಕೈಹಾಕಿದ ಯಾವ ತಂಡವೂ ದರೋಡೆಕೋರರ ತಂಡವೇ. ನಮ್ಮ ಜಿಲ್ಲೆಯ ಜನ ಆ ಪದವನ್ನು ಆ ಮೂವರಿಗೆ ಯಾವತ್ತೂ ಹಚ್ಚಲಿಲ್ಲ. ‘ಹುತಾತ್ಮ’ ಎಂದರು, ಈಗಲೂ ಹೆಸರಿನ ಮೊದಲಿಗೆ ಅದನ್ನು ಸೇರಿಸದೆ ‘ಮೈಲಾರ ಮಹದೇವಪ್ಪ’ ಎಂದು ಹೇಳುವವರು ಕಡಿಮೆ. ಯಾರ ಹೆಜ್ಜೆ ಕಳ್ಳನದು, ಯಾರದು ಅಲ್ಲ ಎಂದು ಓದುವ ವಿದ್ಯೆ ಊರಿಗೆ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಮಾತು ನನಗೆ ಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ತಳವಾರಿಕೆ ಬಹಳ ದಿನ ಉಳಿಯಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಗೌಡಕಿ, ಕುಲಕರ್ಣಿಕಿ, ತಳವಾರಕಿ ಎಲ್ಲವೂ ಒಂದೇ ದಿನ ಹೋದವು. ವಂಶದ ಹಕ್ಕು ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೌಡರಿಗೆ ಹೊಲ ಉಳಿಯಿತು, ಕುಲಕರ್ಣಿಗೆ ಅಕ್ಷರ ಉಳಿಯಿತು, ತಳವಾರನಿಗೆ ಹೆಜ್ಜೆ ಓದುವ ವಿದ್ಯೆ ಉಳಿಯಿತು. ಅದನ್ನು ಕೊಳ್ಳುವವರು ಯಾರೂ ಇರಲಿಲ್ಲ. ಆ ಮನೆತನಗಳ ಕೆಲವರು ಗ್ರಾಮ ಸಹಾಯಕರಾಗಿ ಸಣ್ಣ ಗೌರವಧನಕ್ಕೆ ಕಾಗದಪತ್ರ ಒಯ್ಯುವ ಕೆಲಸ ಮಾಡಿದರು, ಖಾಯಂ ಮಾಡಿರೆಂದು ವರ್ಷಗಟ್ಟಲೆ ಕೇಳುತ್ತ ಬಂದರು. ಜಾತ್ರೆಯ ದಿನ ಮಾತ್ರ ಹಲವು ಊರುಗಳಲ್ಲಿ ಬಾಬುದಾರರನ್ನು ಕರೆಯುವಾಗ ತಳವಾರರ ಮನೆಗೂ ಕರೆ ಹೋಗುತ್ತದೆ, ಕಾಯಿ ಕೊಡುತ್ತಾರೆ.

ಪದ ಇನ್ನೂ ಒಂದು ಹೊರಳು ಹೊರಳಿತು. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ತಿದ್ದುಪಡಿ ಮಾಡಿ, ಪರಿವಾರ ಮತ್ತು ತಳವಾರ ಎಂಬ ಹೆಸರುಗಳನ್ನು ನಾಯಕ ಪದದ ಪರ್ಯಾಯವಾಗಿ ಸೇರಿಸಿತು. ಹುದ್ದೆಯ ಹೆಸರು ಕಾನೂನಿನಲ್ಲಿ ಬುಡಕಟ್ಟಿನ ಹೆಸರಾಯಿತು. ತಳವಾರಿಕೆ ಮಾಡಿದವರು ಒಂದೇ ಸಮುದಾಯದವರಲ್ಲ, ಹಾಗಾಗಿ ಯಾವ ತಳವಾರರಿಗೆ ಪ್ರಮಾಣಪತ್ರ, ಯಾವ ತಳವಾರರಿಗೆ ಇಲ್ಲ ಎಂಬ ಜಗಳ ಕಲಬುರಗಿ, ವಿಜಯಪುರದ ಕಡೆ ಎದ್ದಿತು. ನಾಗಾರ್ಜುನಕೊಂಡದಲ್ಲಿ ರಾಜಮನೆತನಕ್ಕೆ ಬೀಗತನ ತಂದಿದ್ದ ಪದವನ್ನು ಹಿಡಿದು ಒಬ್ಬ ಹುಡುಗಿ ಇವತ್ತು ತಹಶೀಲ್ದಾರ ಕಚೇರಿಯ ಮುಂದೆ ವಿದ್ಯಾರ್ಥಿವೇತನಕ್ಕಾಗಿ ಸಾಲಿನಲ್ಲಿ ನಿಂತಿದ್ದಾಳೆ. ಅವಳಿಗೆ ಅದು ಸಿಗಲಿ.

ಹೆಸರು ಪಟ್ಟಿ ಸೇರಿತು, ಮನುಷ್ಯರನ್ನು ಬಲ್ಲ ಆ ಹಳೆಯ ಕಾವಲು ಮಾತ್ರ ಮರಳಲಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಬಿದ್ದಾಗ, ದೂರದೂರಿಂದ ಚೀಲ ಹೇರಿಕೊಂಡು ಬಂದಿದ್ದ ರೈತರ ಸಿಟ್ಟು ಎಪಿಎಂಸಿ ಕಚೇರಿಗೂ ನಿಂತ ವಾಹನಗಳಿಗೂ ಬೆಂಕಿಯಾಗಿ ಹತ್ತಿತು. ಅಂಥ ದಿನ ಯಾರು ಯಾವೂರವರು, ಯಾರ ಮನೆಯಲ್ಲಿ ಏನು ಸಂಕಟವಿತ್ತು ಎಂದು ಹೆಸರು ಹಿಡಿದು ಹೇಳಬಲ್ಲವರು ಪೇಟೆಯ ಗಲಾಟೆಯಲ್ಲಿ ಯಾರೂ ಇರುವುದಿಲ್ಲ. ಕ್ಯಾಮೆರಾಕ್ಕೆ ಮುಖ ಕಾಣುತ್ತದೆ.

ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯ ಎರಡೂ ಕಡೆ ಈಗ ಗೋವಿನಜೋಳ, ಹತ್ತಿ. ಈ ಸೀಮೆಯ ಯಾವ ಊರಿನ ಹಿರಿಯರ ಜೊತೆ ಹೊಲದ ಬದು ಹಿಡಿದು ನಡೆದರೂ ಅವರು ಕೈ ಮಾಡಿ ತೋರಿಸುತ್ತ ಬರುತ್ತಾರೆ: ಇದು ಗೌಡಕಿ ಹೊಲ, ಇದು ಗುಡಿಯದು, ಆ ಹುಣಸೀಮರದಿಂದಾಚೆ ತಳವಾರಕಿ. ಉತಾರದಲ್ಲಿ ಈಗ ಬೇರೆಯವರ ಹೆಸರಿರುತ್ತದೆ. ಮಳೆ ಬಂದು ಹೋದ ಮೇಲೆ ಆ ಹೊಲದಲ್ಲೂ ಹೆಜ್ಜೆಗಳು ಮೂಡುತ್ತವೆ, ಒಣಗುತ್ತವೆ, ಮುಂದಿನ ಮಳೆಯವರೆಗೆ ಹಾಗೇ ಇರುತ್ತವೆ.